ಪಕ್ಷ ಬಿಡದೆ ಪಕ್ಷವನ್ನು ಎದುರಿಸಿದ ಸಂಸದ: ಆಸ್ಟ್ರೇಲಿಯಾದ ಆಶ್ರಯ ನೀತಿಯ ಒಂದು ಪ್ರಕರಣ

ಆಳುವ ಪಕ್ಷದೊಳಗೆ ಭಿನ್ನಮತ ಎಂದ ಕೂಡಲೇ ನಮ್ಮ ಕಣ್ಣೆದುರು ಬರುವುದು ರೆಸಾರ್ಟು, ಮಂತ್ರಿಗಿರಿಯ ಲೆಕ್ಕಾಚಾರ, ರಾಜೀನಾಮೆಯ ಬೆದರಿಕೆ. ನಾನು ಇಲ್ಲಿ ಬರೆಯುತ್ತಿರುವ ಭಿನ್ನಮತದಲ್ಲಿ ಇವು ಯಾವುವೂ ಇರಲಿಲ್ಲ. 2005 ಮತ್ತು 2006ರಲ್ಲಿ ಆಸ್ಟ್ರೇಲಿಯಾದ ಆಳುವ ಲಿಬರಲ್ ಪಕ್ಷದ ಸಂಸದರೊಬ್ಬರು, ಆಶ್ರಯ ಕೋರಿ ದೋಣಿಗಳಲ್ಲಿ ಬಂದವರನ್ನು ತಮ್ಮದೇ ಸರ್ಕಾರ ನಡೆಸಿಕೊಳ್ಳುತ್ತಿದ್ದ ರೀತಿಯನ್ನು ವಿರೋಧಿಸಿದರು. ಪಕ್ಷ ಬಿಡಲಿಲ್ಲ, ನಾಯಕನನ್ನು ಬದಲಿಸಿ ಎನ್ನಲಿಲ್ಲ. ಮೊದಲ ವರ್ಷ ಕಾನೂನು ತಿದ್ದುಪಡಿಯಾಯಿತು. ಎರಡನೇ ವರ್ಷ ಸರ್ಕಾರ ತಾನೇ ತಂದ ಮಸೂದೆಯನ್ನು ವಾಪಸ್ ಪಡೆಯಿತು. ಬೆರಳೆಣಿಕೆಯ ಸಂಸದರು ಭಾರೀ ಬಹುಮತದ ಸರ್ಕಾರವನ್ನು ಎರಡು ಸಲ ಬಗ್ಗಿಸಿದ್ದು ಹೇಗೆ, ಬಗ್ಗಿಸಿದ ಮೇಲೂ ಅವರ ಕೈಗೆ ಸಿಗದೆ ಉಳಿದದ್ದು ಯಾವುದು ಎಂಬುದೇ ಈ ಅಧ್ಯಯನದ ವಿಷಯ.

ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಸರ್ಕಾರದ ಮುಖ್ಯಸ್ಥರಾಗಿದ್ದ ಪ್ರಧಾನಿ ಜಾನ್ ಹೋವರ್ಡ್ ಒಬ್ಬರನ್ನು ಬಿಟ್ಟರೆ ಇಲ್ಲಿ ಯಾರೂ ಹೆಸರಿನಿಂದ ಬರುವುದಿಲ್ಲ. ಬಂಧನದಲ್ಲಿ ನೊಂದವರ ಹೆಸರನ್ನು ಮತ್ತೆ ಮತ್ತೆ ಎಳೆದು ತರುವುದು ನ್ಯಾಯವಲ್ಲ. ಸಂಸದರ ಹೆಸರು ಹೇಳಿದರೆ ಓದುವವರ ಗಮನ ವ್ಯಕ್ತಿಯ ಗುಣಗಾನದ ಕಡೆಗೆ ಹೊರಳುತ್ತದೆ; ಅವರು ಯಾವ ಹೊತ್ತಿನಲ್ಲಿ ಯಾವ ತೀರ್ಮಾನಕ್ಕೆ ಬಂದರು ಎಂಬುದು ಹಿಂದಾಗುತ್ತದೆ. ಹಾಗಾಗಿ ಅವರನ್ನು ‘ಸಂಸದ’ ಎಂದಷ್ಟೇ ಕರೆಯುತ್ತೇನೆ.

ಹಿನ್ನೆಲೆ

ವೀಸಾ ಇಲ್ಲದೆ ಬಂದವರನ್ನು ಕಡ್ಡಾಯವಾಗಿ ಬಂಧನದಲ್ಲಿಡುವ ಕಾನೂನು ಆಸ್ಟ್ರೇಲಿಯಾಕ್ಕೆ ಬಂದದ್ದು 1992ರಲ್ಲಿ. ತಂದದ್ದು ಲೇಬರ್ ಪಕ್ಷದ ಸರ್ಕಾರ. ಮೊದಲು ಅದಕ್ಕೆ 273 ದಿನಗಳ ಮಿತಿಯಾದರೂ ಇತ್ತು; 1994ರಲ್ಲಿ ಜಾರಿಗೆ ಬಂದ ತಿದ್ದುಪಡಿಯೊಂದಿಗೆ ಅದೂ ಹೋಯಿತು. ಬಂದವರಿಗೆ ವೀಸಾ ಸಿಗಬೇಕು, ಇಲ್ಲವೇ ಅವರನ್ನು ದೇಶದಿಂದ ಹೊರಗೆ ಕಳಿಸಬೇಕು, ಅಲ್ಲಿಯವರೆಗೆ ಬಂಧನ. ದೊಡ್ಡವರಿಗೆ ಯಾವ ನಿಯಮವೋ ಮಕ್ಕಳಿಗೂ ಅದೇ ನಿಯಮ. ಯುದ್ಧದಿಂದ, ಕಿರುಕುಳದಿಂದ ಓಡಿ ಬಂದವರು ಆಶ್ರಯ ಕೇಳುವುದು ಅಪರಾಧವಲ್ಲ ಎಂದು 1951ರ ನಿರಾಶ್ರಿತರ ಒಡಂಬಡಿಕೆ ಹೇಳುತ್ತದೆ, ಆಸ್ಟ್ರೇಲಿಯಾ ಅದಕ್ಕೆ ಸಹಿ ಹಾಕಿದ ದೇಶ. ಆದರೂ ಮರುಭೂಮಿಯಂಥ ಜಾಗಗಳಲ್ಲಿ, ವೂಮೆರಾದಲ್ಲಿ, ಬ್ಯಾಕ್ಸ್‌ಟರ್‌ನಲ್ಲಿ, ಮುಳ್ಳುತಂತಿಯ ಹಿಂದೆ ಕುಟುಂಬಗಳು ವರ್ಷಗಟ್ಟಲೆ ಕಾಯುತ್ತಿದ್ದವು.

1999ರಲ್ಲಿ ಹೋವರ್ಡ್ ಸರ್ಕಾರ ತಾತ್ಕಾಲಿಕ ರಕ್ಷಣಾ ವೀಸಾ ಎಂಬುದನ್ನು ತಂದಿತು. ನಿರಾಶ್ರಿತನೆಂದು ಸರ್ಕಾರವೇ ಒಪ್ಪಿಕೊಂಡವನಿಗೂ ಮೂರು ವರ್ಷದ ಅನುಮತಿ ಮಾತ್ರ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಹಕ್ಕಿಲ್ಲ. ಅವರನ್ನು ನೋಡಲು ದೇಶ ಬಿಟ್ಟು ಹೋದರೆ ಮರಳಿ ಬರುವಂತಿಲ್ಲ. ಗಂಡಸರು ಮುಂಚೆ ಬಂದು ಆಮೇಲೆ ಮನೆಯವರನ್ನು ಕರೆಸಿಕೊಳ್ಳುವ ದಾರಿ ಮುಚ್ಚಿತು. ಹೆಂಗಸರು, ಮಕ್ಕಳು ತಾವೇ ದೋಣಿ ಹತ್ತತೊಡಗಿದರು. 2001ರ ಅಕ್ಟೋಬರ್ 19ರಂದು ಇಂಡೊನೇಷ್ಯಾದಿಂದ ಹೊರಟ ಒಂದು ದೋಣಿ ಮುಳುಗಿ 353 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು.

ಅದಕ್ಕೆ ಎರಡು ತಿಂಗಳ ಹಿಂದೆ, ಆಗಸ್ಟ್‌ನಲ್ಲಿ, ಟಾಂಪಾ ಎಂಬ ನಾರ್ವೆಯ ಸರಕು ಹಡಗು ಮುಳುಗುತ್ತಿದ್ದ ದೋಣಿಯೊಂದರಿಂದ ನಾನೂರಕ್ಕೂ ಹೆಚ್ಚು ಜನರನ್ನು ಕಾಪಾಡಿತ್ತು. ಹೆಚ್ಚಿನವರು ಅಫ್ಘಾನಿಸ್ತಾನದ ಹಜಾರಾಗಳು. ಹಡಗನ್ನು ದಡ ಸೇರಲು ಬಿಡದೆ ಸರ್ಕಾರ ಅದರ ಮೇಲೆ ಕಮಾಂಡೊಗಳನ್ನು ಇಳಿಸಿತು. ಮುಂದಿನ ವಾರಗಳಲ್ಲಿ ತನ್ನದೇ ಆದ ಕ್ರಿಸ್ಮಸ್ ದ್ವೀಪವೇ ಮೊದಲಾದ ದ್ವೀಪಗಳನ್ನು ವಲಸೆ ಕಾನೂನಿನ ವ್ಯಾಪ್ತಿಯಿಂದ ಹೊರಗಿಟ್ಟು, ಅಲ್ಲಿ ಬಂದಿಳಿದವರನ್ನು ಪೆಸಿಫಿಕ್ ಸಾಗರದ ನೌರು ಮತ್ತು ಪಪುವಾ ನ್ಯೂಗಿನಿಯ ಮಾನುಸ್ ದ್ವೀಪಕ್ಕೆ ಸಾಗಿಸುವ ವ್ಯವಸ್ಥೆಯಾಯಿತು. ನವೆಂಬರ್ 10ರ ಚುನಾವಣೆಯಲ್ಲಿ ಹೋವರ್ಡ್ ಗೆದ್ದರು. ಗಡಿ ವಿಷಯದಲ್ಲಿ ಬಿಗಿಯಾಗಿರುವುದು ಮತ ತರುತ್ತದೆ ಎಂದು ಎರಡೂ ದೊಡ್ಡ ಪಕ್ಷಗಳು ಅಂದಿನಿಂದ ನಂಬಿಬಿಟ್ಟವು. ಮುಂದೆ ನಡೆದದ್ದರ ತೂಕ ಅರಿಯಬೇಕಾದರೆ ಇದನ್ನು ನೆನಪಿಡಬೇಕು. ಸಂಸದ ವಿರೋಧಿಸಲು ಹೊರಟದ್ದು ಜನಪ್ರಿಯವಾಗಿದ್ದ ನೀತಿಯನ್ನು.

ಇನ್ನು ಸಂಸದರ ವಿಚಾರ. ಮೆಲ್ಬರ್ನ್‌ನ ಒಂದು ಸುರಕ್ಷಿತ ಕ್ಷೇತ್ರ ಅವರದು. ಪಕ್ಷದ ಪ್ರತಿಷ್ಠೆಯ ಕ್ಷೇತ್ರವೂ ಹೌದು. ತಾವೇ ಚಿಕ್ಕ ವಯಸ್ಸಿನಲ್ಲಿ ಗ್ರೀಸ್‌ನಿಂದ ಮನೆಯವರೊಂದಿಗೆ ವಲಸೆ ಬಂದವರು. ವಿಯೆಟ್ನಾಂ ನಿರಾಶ್ರಿತರಿಗೆ ಬಾಗಿಲು ತೆರೆದ ಹಿಂದಿನ ಲಿಬರಲ್ ಪ್ರಧಾನಿಯೊಬ್ಬರ ಕಚೇರಿಯಲ್ಲಿ ಸಲಹೆಗಾರರಾಗಿದ್ದವರು. ಆಮೇಲೆ ಪಕ್ಷದ ರಾಜ್ಯ ಘಟಕವನ್ನೇ ನಡೆಸಿದವರು, ಚುನಾವಣೆಗಳನ್ನು ಒಳಗಿನಿಂದ ಕಂಡವರು. ಸಂಸತ್ತಿಗೆ ಬಂದು ಹತ್ತು ವರ್ಷ ದಾಟಿದ್ದರೂ ಮಂತ್ರಿಯಾಗಿರಲಿಲ್ಲ. ಇವರನ್ನು ಪಕ್ಷದ್ರೋಹಿ, ಹೊರಗಿನವನು ಎಂದು ತಳ್ಳಿಹಾಕುವುದು ಯಾರಿಗೂ ಸುಲಭವಿರಲಿಲ್ಲ.

ಸಮಸ್ಯೆ ಎದುರಿಗೆ ಬಂದ ಬಗೆ

2004ರ ಮೇ ತಿಂಗಳಲ್ಲಿ ಮಾನವ ಹಕ್ಕುಗಳ ಆಯೋಗ ಬಂಧನದಲ್ಲಿರುವ ಮಕ್ಕಳ ಕುರಿತು ಕಟುವಾದ ವರದಿ ಕೊಟ್ಟಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅಲ್ಲಿನ ಅತ್ಯುಚ್ಚ ನ್ಯಾಯಾಲಯ, ಯಾವ ದೇಶಕ್ಕೂ ಸೇರದ ಪ್ಯಾಲೆಸ್ತೀನಿ ವ್ಯಕ್ತಿಯೊಬ್ಬನ ಮೊಕದ್ದಮೆಯಲ್ಲಿ 4-3ರ ಬಹುಮತದಿಂದ ತೀರ್ಪು ನೀಡಿತು: ಕಳಿಸಲು ಜಾಗವಿಲ್ಲದಿದ್ದರೂ, ಬಿಡುಗಡೆಯ ದಿನ ಕಾಣದಿದ್ದರೂ, ಬಂಧನ ಕಾನೂನುಬದ್ಧವೇ. ಅಂದರೆ ಕೋರ್ಟಿನ ಬಾಗಿಲು ಮುಚ್ಚಿತು. ಬದಲಾವಣೆ ಬರುವುದಿದ್ದರೆ ಸಂಸತ್ತಿನಿಂದಲೇ ಬರಬೇಕು.

ತಾನು ಕಾಶ್ಮೀರದವನೆಂದು ಹೇಳಿಕೊಂಡ ಒಬ್ಬಾತ 1998ರಿಂದ ಬಂಧನದಲ್ಲಿದ್ದ. ಅವನ ಅರ್ಜಿ ತಿರಸ್ಕೃತವಾಗಿತ್ತು. ಹೋಗಲಿ, ವಾಪಸ್ ಕಳಿಸಿ ಎಂದರೆ ಅವನನ್ನು ತನ್ನವನೆಂದು ಒಪ್ಪಿಕೊಳ್ಳುವ ದೇಶವಿಲ್ಲ. ಸುಮಾರು ಏಳು ವರ್ಷ ಅವನು ಹಾಗೆಯೇ ಕಳೆದ. ಯಾವ ನ್ಯಾಯಾಧೀಶರೂ ಅವನಿಗೆ ಶಿಕ್ಷೆ ವಿಧಿಸಿರಲಿಲ್ಲ. ಈ ಒಬ್ಬನ ಕಥೆಯಲ್ಲೇ ಕಾನೂನಿನ ದೋಷವೆಲ್ಲ ಇದೆ: ಬಂಧನ ಇಂದಿಗೂ ಅಗತ್ಯವೇ ಎಂದು ಕೇಳಬೇಕಾದ ಹೊಣೆ ಯಾರ ಮೇಲೂ ಇರಲಿಲ್ಲ.

2005ರ ಫೆಬ್ರವರಿಯಲ್ಲಿ ಇನ್ನೊಂದು ಸುದ್ದಿ ಹೊರಬಿತ್ತು. ಮಾನಸಿಕ ಕಾಯಿಲೆಯಿದ್ದ, ಆಸ್ಟ್ರೇಲಿಯಾದ ಖಾಯಂ ನಿವಾಸಿಯಾಗಿದ್ದ ಮಹಿಳೆಯೊಬ್ಬರನ್ನು ಅಕ್ರಮ ವಲಸಿಗಳೆಂದು ತಿಳಿದು ಹತ್ತು ತಿಂಗಳು ಕೂಡಿಹಾಕಲಾಗಿತ್ತು, ಮೊದಲು ಕ್ವೀನ್ಸ್‌ಲ್ಯಾಂಡಿನ ಜೈಲಿನಲ್ಲಿ, ಆಮೇಲೆ ಬ್ಯಾಕ್ಸ್‌ಟರ್‌ನಲ್ಲಿ. ಕೆಲವೇ ತಿಂಗಳಲ್ಲಿ ಮತ್ತೊಂದು: ಆಸ್ಟ್ರೇಲಿಯಾದ ಪ್ರಜೆಯೇ ಆಗಿದ್ದ, ಗಾಯಗೊಂಡಿದ್ದ ಮಹಿಳೆಯನ್ನು 2001ರಲ್ಲಿ ಫಿಲಿಪೀನ್ಸ್‌ಗೆ ಗಡಿಪಾರು ಮಾಡಲಾಗಿತ್ತು. ಅಲ್ಲಿಯವರೆಗೆ ‘ಅವರ’ ಸಂಕಟವಾಗಿ ಕಂಡದ್ದು ದಿನ ಬೆಳಗಾಗುವುದರಲ್ಲಿ ‘ನಮ್ಮ’ ಸಂಕಟವಾಯಿತು. ಹಜಾರಾ ಮಗುವಿನ ಅಳು ಮಾಡಲಾಗದ್ದನ್ನು ಈ ಎರಡು ತಪ್ಪುಗಳು ಮಾಡಿದವು ಎಂದು ಬರೆಯಲು ನೋವಾಗುತ್ತದೆ, ಆದರೆ ನಡೆದದ್ದು ಹಾಗೆಯೇ. ಸಂಸದ ಈ ಗಳಿಗೆಯನ್ನು ಗುರುತಿಸಿದರು.

ಮೊದಲ ಹೆಜ್ಜೆ: ಭಾಷಣದ ಬದಲು ಮಸೂದೆ

ಅವರಿಗೆ ಹಲವು ದಾರಿಗಳಿದ್ದವು. ಪತ್ರಿಕೆಗೆ ಲೇಖನ ಬರೆಯಬಹುದಿತ್ತು, ಸಂಸತ್ತಿನಲ್ಲಿ ಭಾವುಕವಾಗಿ ಮಾತಾಡಬಹುದಿತ್ತು, ವಲಸೆ ಸಚಿವರ ಬಳಿ ಒಂದೊಂದೇ ಕಡತ ಹಿಡಿದು ಹೋಗಿ ಬೇಡಿಕೊಳ್ಳಬಹುದಿತ್ತು. ಇವೆಲ್ಲ ಮೊದಲೇ ನಡೆದು ಫಲ ಕೊಡದೆ ಹೋಗಿದ್ದ ದಾರಿಗಳು. 2005ರ ಮೇ ತಿಂಗಳಲ್ಲಿ ಅವರು ಎರಡು ಖಾಸಗಿ ಮಸೂದೆಗಳ ಕರಡು ಹಿಡಿದು ಪಕ್ಷದ ಮುಂದೆ ಬಂದರು. ಒಂದು, ಆಗಲೇ ಸಿಕ್ಕಿಬಿದ್ದವರಿಗಾಗಿ: ದೀರ್ಘಕಾಲ ಬಂಧನದಲ್ಲಿದ್ದವರಿಗೆ ಬಿಡುಗಡೆ, ತಾತ್ಕಾಲಿಕ ವೀಸಾದವರಿಗೆ ಖಾಯಂ ನೆಲೆ. ಇನ್ನೊಂದು, ಮುಂದೆ ಬರುವವರಿಗಾಗಿ: ಒಂದು ಅವಧಿ ಮೀರಿ ಯಾರನ್ನಾದರೂ ಹಿಡಿದಿಡಬೇಕಾದರೆ ನ್ಯಾಯಾಧೀಶರ ಒಪ್ಪಿಗೆ ಬೇಕು. ಮಕ್ಕಳ ಬಂಧನಕ್ಕೆ ಕೊನೆ.

ಸಂಖ್ಯೆ ನೋಡಿದರೆ ಇದು ಆಗದ ಕೆಲಸ. ಕೆಳಮನೆಯ 150 ಸ್ಥಾನಗಳಲ್ಲಿ ಆಳುವ ಮೈತ್ರಿಕೂಟದ್ದು 87. ಸಂಸದರ ಜೊತೆ ಗಟ್ಟಿಯಾಗಿ ನಿಂತವರು ಕೆಳಮನೆಯಲ್ಲಿ ಮೂವರು, ಮೇಲ್ಮನೆಯಾದ ಸೆನೆಟ್‌ನಲ್ಲಿ ಒಬ್ಬಿಬ್ಬರು. ಆ ಮೂವರಲ್ಲಿ ಒಬ್ಬರು ಹಿಂದೆ ಎರಡು ಸಲ ಚುನಾವಣೆ ಸೋತು ಮತ್ತೆ ಗೆದ್ದು ಬಂದವರು. ಸುರಕ್ಷಿತ ಕ್ಷೇತ್ರದ ನೆಮ್ಮದಿ ಅವರಿಗಿರಲಿಲ್ಲ. ಇಡೀ ವಿರೋಧ ಪಕ್ಷ ಸೇರಿಕೊಂಡರೂ ಮಸೂದೆ ಅಂಗೀಕಾರವಾಗುತ್ತಿರಲಿಲ್ಲ. ಹಾಗಿದ್ದೂ ಸರ್ಕಾರ ಕಂಗೆಟ್ಟಿತು. ಕಾರಣ, ಖಾಸಗಿ ಮಸೂದೆ ಸದನಕ್ಕೆ ಬಂದರೆ ಆಳುವ ಪಕ್ಷದ ಸದಸ್ಯರೇ ಎದ್ದು ನಿಂತು ತಮ್ಮ ಸರ್ಕಾರದ ಬಂಧನ ಕೇಂದ್ರಗಳಲ್ಲಿ ಏನಾಗುತ್ತಿದೆ ಎಂದು ದಾಖಲೆಗೆ ಸೇರುವಂತೆ ಹೇಳುತ್ತಾರೆ, ಅದೂ ಆ ಎರಡು ಹಗರಣಗಳು ಹಸಿಯಾಗಿರುವಾಗ. ಜೊತೆಗೆ, ಬರಿಯ ಅಸಮಾಧಾನವನ್ನು ‘ಪರಿಶೀಲಿಸುತ್ತೇವೆ’ ಎಂದು ಸಮಾಧಾನಪಡಿಸಿ ಕಳಿಸಬಹುದು. ಕಲಂ, ಉಪಕಲಂ ಸಮೇತ ಬರೆದ ಕರಡಿಗೆ ಹಾಗೆ ಹೇಳಲಾಗದು. ಯಾವ ಕಲಂ ಒಪ್ಪುತ್ತೀರಿ, ಯಾವುದನ್ನು ಒಪ್ಪುವುದಿಲ್ಲ, ಏಕೆ ಎಂಬ ಪ್ರಶ್ನೆಗೆ ಸರ್ಕಾರ ಉತ್ತರಿಸಲೇಬೇಕಾಗುತ್ತದೆ.

ಸ್ವಪಕ್ಷದವರ ಸಿಟ್ಟು ಸಣ್ಣದಾಗಿರಲಿಲ್ಲ. ಸಹೋದ್ಯೋಗಿಯೊಬ್ಬರು ಇವರನ್ನು ‘ರಾಜಕೀಯ ಭಯೋತ್ಪಾದಕರು’ ಎಂದೇ ಕರೆದರು. ಸಂಸದ ಆ ಮಾತಿಗೆ ಅದೇ ಧಾಟಿಯಲ್ಲಿ ಉತ್ತರ ಕೊಡಲಿಲ್ಲ. ಪ್ರಧಾನಿಯ ಮೇಲೆ ವೈಯಕ್ತಿಕ ಟೀಕೆ ಮಾಡಲಿಲ್ಲ. ಕರಡನ್ನು ಹಿಂದಕ್ಕೂ ಪಡೆಯಲಿಲ್ಲ. ಮಾತುಕತೆಗೆ ಅಧಿಕಾರಿಗಳನ್ನೋ ಕಿರಿಯ ಮಂತ್ರಿಯನ್ನೋ ಕಳಿಸಿ ಮುಗಿಸುವಂತಿಲ್ಲವೆಂದು ಕಂಡು ಹೋವರ್ಡ್ ತಾವೇ ಅವರೊಂದಿಗೆ ಕೂತರು.

ಜೂನ್ 17: ಒಪ್ಪುವುದೋ ಬಿಡುವುದೋ

ಇಡೀ ಪ್ರಕರಣದ ಕಷ್ಟದ ತಿರುವು ಇದು. 2005ರ ಜೂನ್ 17ರಂದು ಪ್ರಧಾನಿ ಒಪ್ಪಂದ ಪ್ರಕಟಿಸಿದರು. ಮಕ್ಕಳಿರುವ ಕುಟುಂಬಗಳು ಬಂಧನ ಕೇಂದ್ರ ಬಿಟ್ಟು ಊರೊಳಗಿನ ಮನೆಗಳಲ್ಲಿ ಇರಬಹುದು. ಎರಡು ವರ್ಷಕ್ಕಿಂತ ಹೆಚ್ಚು ಬಂಧನದಲ್ಲಿರುವ ಪ್ರತಿಯೊಬ್ಬರ ಕುರಿತು ಓಂಬುಡ್ಸ್‌ಮನ್ (ಆಡಳಿತದ ಮೇಲಿನ ದೂರುಗಳನ್ನು ಪರಿಶೀಲಿಸುವ ಸ್ವತಂತ್ರ ಅಧಿಕಾರಿ) ವರದಿ ಕೊಡಬೇಕು, ಆ ವರದಿ ಸಂಸತ್ತಿಗೆ ಬರಬೇಕು. ಆಶ್ರಯ ಕೋರಿದ ಅರ್ಜಿಗಳನ್ನು ಮೂರು ತಿಂಗಳಲ್ಲಿ ತೀರ್ಮಾನಿಸಬೇಕು. ತಾತ್ಕಾಲಿಕ ವೀಸಾದವರ ಬಾಕಿ ಅರ್ಜಿಗಳನ್ನು ಅಕ್ಟೋಬರ್ ಕೊನೆಯೊಳಗೆ ಮುಗಿಸಬೇಕು. ಬಂಧನದಲ್ಲಿರುವ ಯಾರಿಗೇ ಆದರೂ ವೀಸಾ ಕೊಡುವ ವಿಶೇಷ ಅಧಿಕಾರ ಸಚಿವರಿಗೆ. ಮಗುವನ್ನು ಬಂಧಿಸುವುದು ಕಟ್ಟಕಡೆಯ ಉಪಾಯವಾಗಿರಬೇಕು ಎಂಬ ತತ್ವ ಕಾನೂನಿನಲ್ಲೇ ಸೇರಿತು.

ಕೈಬಿಟ್ಟುಹೋದದ್ದು ನ್ಯಾಯಾಧೀಶರ ಪಾತ್ರ. ಕಡ್ಡಾಯ ಬಂಧನ ಹಾಗೆಯೇ ಉಳಿಯಿತು. ಸಚಿವರು ಬಯಸಿದರೆ ಬಿಡಬಹುದು. ಬಿಡದಿದ್ದರೆ ಕೇಳುವ ಹಕ್ಕು ಬಂಧನದಲ್ಲಿರುವವನಿಗಿಲ್ಲ. ಪ್ರಧಾನಿ ಗಟ್ಟಿಯಾಗಿ ಹಿಡಿದುಕೊಂಡದ್ದು ಇದನ್ನೇ.

ಸಂಸದ ಒಪ್ಪಿದರು. ಮಸೂದೆಗಳನ್ನು ಮುಂದುವರಿಸಲಿಲ್ಲ. ಅಂದು ಕೆಲವು ಹೋರಾಟಗಾರರು ಇದನ್ನು ಶರಣಾಗತಿ ಎಂದುಕೊಂಡರು. ಆ ಆಕ್ಷೇಪವನ್ನು ನಾನು ಲಘುವಾಗಿ ಕಾಣುವುದಿಲ್ಲ, ಆದರೂ ಆ ಹೊತ್ತಿಗೆ ಒಪ್ಪಿದ್ದೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ. ಮಸೂದೆ ಸದನದಲ್ಲಿ ಸೋಲುವುದು ಖಚಿತವಿತ್ತು. ಸೋತ ಮೇಲೆ ಸರ್ಕಾರಕ್ಕೆ ಯಾವ ಒತ್ತಡವೂ ಉಳಿಯುತ್ತಿರಲಿಲ್ಲ, ಮಕ್ಕಳು ತಂತಿಯ ಹಿಂದೆಯೇ ಇರುತ್ತಿದ್ದರು. ಒಪ್ಪಂದದ ನಂತರ ಜುಲೈ ಮುಗಿಯುವುದರೊಳಗೆ ಕುಟುಂಬಗಳು ಹೊರಬಂದವು. ಕಾಶ್ಮೀರದ ಆ ಮನುಷ್ಯನೂ ಅದೇ ಜುಲೈನಲ್ಲಿ ಹೊರಬಂದ. ಏಳು ವರ್ಷ ಕಳೆದವನಿಗೆ, ನ್ಯಾಯಾಂಗದ ಪರಾಮರ್ಶೆ ಸಿಗುವವರೆಗೆ ಇನ್ನೂ ಸ್ವಲ್ಪ ತಾಳು ಎಂದು ಹೇಳುವ ಅಧಿಕಾರ ಹೊರಗಿರುವ ನಮಗೆ ಯಾರಿಗೂ ಇಲ್ಲ.

ಎರಡನೇ ಸುತ್ತು

2006ರ ಜನವರಿಯಲ್ಲಿ ಇಂಡೊನೇಷ್ಯಾದ ಆಳ್ವಿಕೆಯಲ್ಲಿರುವ ಪಶ್ಚಿಮ ಪಪುವಾದ 43 ಜನ ಮಕ್ಕಳು ಮರಿಗಳೊಂದಿಗೆ ಒಂದೇ ಮರದ ದೋಣಿಯಲ್ಲಿ ಆಸ್ಟ್ರೇಲಿಯಾದ ಉತ್ತರ ತುದಿಯ ಕೇಪ್ ಯಾರ್ಕ್‌ಗೆ ಬಂದಿಳಿದರು. ಮಾರ್ಚ್‌ನಲ್ಲಿ ಅವರಲ್ಲಿ 42 ಜನರಿಗೆ ರಕ್ಷಣಾ ವೀಸಾ ಸಿಕ್ಕಿತು. ಇಂಡೊನೇಷ್ಯಾ ಕೆರಳಿ ತನ್ನ ರಾಯಭಾರಿಯನ್ನು ಹಿಂದಕ್ಕೆ ಕರೆಸಿಕೊಂಡಿತು. ಏಪ್ರಿಲ್‌ನಲ್ಲಿ ಹೋವರ್ಡ್ ಸರ್ಕಾರ ಹೊಸ ಮಸೂದೆಯ ಮಾತೆತ್ತಿತು: ಇನ್ನು ಮುಂದೆ ಆಸ್ಟ್ರೇಲಿಯಾದ ಮುಖ್ಯ ನೆಲಕ್ಕೇ ದೋಣಿ ಬಂದರೂ, ಬಂದವರನ್ನು ದ್ವೀಪಕ್ಕೆ ಬಂದವರಂತೆಯೇ ಪರಿಗಣಿಸಿ ನೌರುವಿಗೆ ಕಳಿಸುವುದು. ಅಲ್ಲಿ ಆಸ್ಟ್ರೇಲಿಯಾದ ಮೇಲ್ಮನವಿ ನ್ಯಾಯಮಂಡಳಿ ಇಲ್ಲ. ಹಿಂದಿನ ವರ್ಷ ಚೌಕಾಸಿ ಮಾಡಿ ಗಳಿಸಿದ್ದ ರಕ್ಷಣೆಗಳೂ ಇಲ್ಲ.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಸಂಸದರ ಕ್ಷೇತ್ರದಲ್ಲಿ ಟಿಕೆಟ್ ತಪ್ಪಿಸುವ ಯತ್ನ ನಡೆಯಿತು. ಎದುರಿಗೆ ನಿಂತವರು ಹೋವರ್ಡ್ ಅವರಿಗೇ ಸಲಹೆಗಾರರಾಗಿದ್ದ ಪ್ರತಿಭಾವಂತ ಯುವಕ. ಸ್ಥಳೀಯ ಪಕ್ಷದ ಪ್ರತಿನಿಧಿಗಳು ಮತ ಹಾಕಿ ತೀರ್ಮಾನಿಸುವ ಪದ್ಧತಿ ಅಲ್ಲಿಯದು. ಸಂಸದ ದೊಡ್ಡ ಅಂತರದಿಂದ ಗೆದ್ದರು. ದೆಹಲಿಯಿಂದಲೋ ರಾಜಧಾನಿಯಿಂದಲೋ ಪಟ್ಟಿ ಬರುವುದನ್ನು ನೋಡಿ ರೂಢಿಯಾದ ನಮಗೆ ಈ ಅಂಶ ಸುಲಭವಾಗಿ ಕಣ್ತಪ್ಪುತ್ತದೆ. ಟಿಕೆಟ್ ಕೊಡುವವರು ಕ್ಷೇತ್ರದ ಕಾರ್ಯಕರ್ತರಾದರೆ, ಅವರ ನಂಬಿಕೆ ಉಳಿಸಿಕೊಂಡ ಸಂಸದನಿಗೆ ಪ್ರಧಾನಿಯ ಮುನಿಸನ್ನು ತಾಳಿಕೊಳ್ಳುವ ಶಕ್ತಿ ಬರುತ್ತದೆ.

ಜೂನ್‌ನಲ್ಲಿ ಸೆನೆಟ್ ಸಮಿತಿ ಮಸೂದೆಯನ್ನು ಕೈಬಿಡಬೇಕೆಂದು ಶಿಫಾರಸು ಮಾಡಿತು. ಸಮಿತಿಯ ಅಧ್ಯಕ್ಷೆ ಆಳುವ ಪಕ್ಷದವರೇ. ಸರ್ಕಾರ ಕೆಲವು ರಿಯಾಯಿತಿಗಳನ್ನು ಮುಂದಿಟ್ಟಿತು. ಈ ಬಾರಿ ಸಂಸದ ಒಪ್ಪಲಿಲ್ಲ. ಮೊದಲ ಸಲ ರಾಜಿಯಾದವರು ಎರಡನೇ ಸಲ ಏಕೆ ಆಗಲಿಲ್ಲ? 2005ರಲ್ಲಿ ರಾಜಿಯಿಂದ ಇದ್ದ ಸ್ಥಿತಿ ಸುಧಾರಿಸುತ್ತಿತ್ತು. 2006ರಲ್ಲಿ ಯಾವ ರಿಯಾಯಿತಿ ಪಡೆದರೂ ಇದ್ದ ಸ್ಥಿತಿ ಕೆಡುತ್ತಿತ್ತು. ಜೊತೆಗೆ, ಹಿಂದಿನ ವರ್ಷ ಕೊಟ್ಟ ಮಾತನ್ನೇ ಸರ್ಕಾರ ಸುತ್ತುಬಳಸಿ ಮುರಿಯಲು ಹೊರಟಿರುವಾಗ ಹೊಸ ಮಾತಿಗೆ ಬೆಲೆ ಎಲ್ಲಿಂದ ಬರಬೇಕು?

ಆಗಸ್ಟ್ 10ರಂದು ಮಸೂದೆ ಕೆಳಮನೆಯಲ್ಲಿ ಮತಕ್ಕೆ ಬಂತು. ಅಲ್ಲಿನ ಮತ ವಿಭಜನೆಯ ಕ್ರಮವನ್ನು ಸ್ವಲ್ಪ ವಿವರಿಸಬೇಕು. ನಾಲ್ಕು ನಿಮಿಷ ಗಂಟೆ ಬಾರಿಸುತ್ತದೆ, ಸದಸ್ಯರು ಎಲ್ಲಿದ್ದರೂ ಓಡಿ ಬರಬೇಕು. ಆಮೇಲೆ ಬಾಗಿಲಿಗೆ ಬೀಗ. ಮಸೂದೆಯ ಪರ ಇರುವವರು ಸ್ಪೀಕರ್ ಅವರ ಬಲಗಡೆ, ವಿರುದ್ಧ ಇರುವವರು ಎಡಗಡೆ ಕೂರಬೇಕು. ಆಳುವ ಪಕ್ಷದವರು ದಿನವೂ ಕೂರುವುದು ಬಲಗಡೆಯೇ. ಹಾಗಾಗಿ ಸ್ವಪಕ್ಷದ ಮಸೂದೆಯನ್ನು ವಿರೋಧಿಸುವವನು ತನ್ನ ಸಾಲಿನಿಂದ ಎದ್ದು, ಸಹೋದ್ಯೋಗಿಗಳ ಮೊಣಕಾಲು ಸವರಿಕೊಂಡು ಹೊರಬಂದು, ಪ್ರಧಾನಿಯ ಕಣ್ಣೆದುರೇ ನಡುವಿನ ಜಾಗ ದಾಟಿ, ವರ್ಷಗಟ್ಟಲೆ ಯಾರೊಂದಿಗೆ ವಾದಿಸಿದ್ದನೋ ಅವರ ಮಧ್ಯೆ ಹೋಗಿ ಕೂರಬೇಕು. ಎಣಿಕೆದಾರರು ಒಬ್ಬೊಬ್ಬರ ಹೆಸರು ಬರೆದುಕೊಳ್ಳುವವರೆಗೆ ಅಲ್ಲೇ ಕೂತಿರಬೇಕು. ಗುಂಡಿ ಒತ್ತಿ ಮುಗಿಸುವ ಮತವಲ್ಲ ಇದು. ಸಂಸದ ಮತ್ತು ಇನ್ನಿಬ್ಬರು ಹಾಗೆ ದಾಟಿದರು. ಅವರ ಗುಂಪಿನ ಇನ್ನೊಬ್ಬರು ಮತದಿಂದ ದೂರ ಉಳಿದರು. ನಿರೀಕ್ಷೆಯಂತೆ ಮಸೂದೆ ಕೆಳಮನೆಯಲ್ಲಿ ಪಾಸಾಯಿತು.

ಇಲ್ಲಿ ನಮ್ಮ ಓದುಗರಿಗೆ ಸಹಜವಾಗಿ ಬರುವ ಪ್ರಶ್ನೆ, ಅವರ ಸದಸ್ಯತ್ವ ಹೋಗಲಿಲ್ಲವೇ ಎಂಬುದು. ಭಾರತದಲ್ಲಿ 1985ರಲ್ಲಿ ಬಂದ ಸಂವಿಧಾನದ ಹತ್ತನೇ ಅನುಸೂಚಿಯ ಪ್ರಕಾರ ವಿಪ್ ಮೀರಿ ಮತ ಹಾಕಿದವರು ಸ್ಥಾನ ಕಳೆದುಕೊಳ್ಳಬಹುದು. ಆಸ್ಟ್ರೇಲಿಯಾದಲ್ಲಿ ಅಂಥ ಕಾನೂನಿಲ್ಲ, ಎಲ್ಲವೂ ಪಕ್ಷದ ನಿಯಮಕ್ಕೆ ಬಿಟ್ಟದ್ದು. ಲೇಬರ್ ಪಕ್ಷದಲ್ಲಿ ಅಡ್ಡಮತ ಹಾಕಿದರೆ ಉಚ್ಚಾಟನೆಯ ಅಪಾಯವಿದೆ. ಲಿಬರಲ್ ಪಕ್ಷ ಮಾತ್ರ, ಮಂತ್ರಿಯಲ್ಲದ ಸದಸ್ಯ ಆತ್ಮಸಾಕ್ಷಿಯಂತೆ ಮತ ಹಾಕಬಹುದು ಎಂದು ಮೊದಲಿನಿಂದ ಹೇಳಿಕೊಂಡು ಬಂದ ಪಕ್ಷ. ಸಂಸದ ನಿಂತದ್ದು ಪಕ್ಷದ ಈ ಹಳೆಯ ಮಾತಿನ ಮೇಲೆಯೇ.

ಒಂದು ಮತದ ಗಣಿತ

ಮಸೂದೆ ಸತ್ತದ್ದು ಮೇಲ್ಮನೆಯಲ್ಲಿ. ಅದೂ ಮತಕ್ಕೆ ಬರುವ ಮೊದಲೇ.

2005ರ ಜುಲೈ 1ರಿಂದ ಸೆನೆಟ್‌ನ 76 ಸ್ಥಾನಗಳಲ್ಲಿ ಮೈತ್ರಿಕೂಟಕ್ಕೆ 39 ಇದ್ದವು. ಉಳಿದವರೆಲ್ಲ ಸೇರಿ 37. ಆಳುವ ಪಕ್ಷದ ಸೆನೆಟರ್ ಒಬ್ಬರು, ಸಂಸದರ ಗುಂಪಿಗೆ ಸೇರಿದ ಮಹಿಳೆ, ತಾನು ವಿರುದ್ಧ ಮತ ಹಾಕುತ್ತೇನೆಂದು ಸ್ಪಷ್ಟಪಡಿಸಿದರು. ಆಕೆ ದಾಟಿದರೆ ಎರಡೂ ಕಡೆ 38. ಸೆನೆಟ್‌ನಲ್ಲಿ ಸಭಾಧ್ಯಕ್ಷರಿಗೆ ನಿರ್ಣಾಯಕ ಮತವಿಲ್ಲ. ಮತ ಸಮವಾದರೆ ಪ್ರಸ್ತಾವ ಬಿದ್ದಂತೆ ಎಂದು ಆಸ್ಟ್ರೇಲಿಯಾದ ಸಂವಿಧಾನ ಹೇಳುತ್ತದೆ. ಆಕೆ ದಾಟದೆ ಮನೆಯಲ್ಲಿ ಕೂತಿದ್ದರೆ? 38ಕ್ಕೆ 37, ಮಸೂದೆ ಪಾಸು. ಗೈರುಹಾಜರಿ ಸೌಮ್ಯವಾದ ಪ್ರತಿಭಟನೆಯಂತೆ ಕಾಣುತ್ತದೆ, ಯಾರ ಮುನಿಸನ್ನೂ ಕಟ್ಟಿಕೊಳ್ಳಬೇಕಿಲ್ಲ. ಆದರೆ ಈ ಲೆಕ್ಕದಲ್ಲಿ ಅದು ಸರ್ಕಾರಕ್ಕೆ ಮಾಡಿದ ಸಹಾಯವೇ ಆಗುತ್ತಿತ್ತು. ಉಳಿದಿದ್ದ ಅನುಮಾನ ಫ್ಯಾಮಿಲಿ ಫಸ್ಟ್ ಪಕ್ಷದ ಏಕೈಕ ಸೆನೆಟರ್ ಬಗ್ಗೆ. ಅವರೂ ಬೆಂಬಲಿಸುವುದಿಲ್ಲ ಎಂದಾಯಿತು. ಆಗಸ್ಟ್ 14ರಂದು ಹೋವರ್ಡ್ ಮಸೂದೆಯನ್ನು ವಾಪಸ್ ಪಡೆದರು.

ಕೆಳಮನೆಯಲ್ಲಿ ದಾಟಿದ ಮೂವರ ಮತದಿಂದ ಏನೂ ಬದಲಾಗಲಿಲ್ಲ ಎಂದು ಇದರಿಂದ ತೀರ್ಮಾನಿಸುವುದು ತಪ್ಪಾಗುತ್ತದೆ. ನಾಲ್ಕು ದಿನ ಮೊದಲು ಆ ಮೂವರು ಎದ್ದು ನಡೆದದ್ದರಿಂದಲೇ ಆಕೆಯ ನಿಲುವು ಒಬ್ಬಂಟಿಯ ಹಟವಾಗಿ ಕಾಣದೆ ಪಕ್ಷದೊಳಗಿನ ಒಂದು ಗಂಭೀರ ಅಭಿಪ್ರಾಯವಾಗಿ ಕಂಡಿತು. ಸೋಲುವ ಮತ ಗೆಲ್ಲುವ ಮತಕ್ಕೆ ದಾರಿ ಮಾಡಿಕೊಟ್ಟಿತು.

ಆಮೇಲೆ ಆದದ್ದು

2007ರ ಕೊನೆಯಲ್ಲಿ ಲೇಬರ್ ಅಧಿಕಾರಕ್ಕೆ ಬಂತು. 2008ರಲ್ಲಿ ನೌರು ಕೇಂದ್ರವನ್ನು ಮುಚ್ಚಿ, ತಾತ್ಕಾಲಿಕ ವೀಸಾವನ್ನು ರದ್ದು ಮಾಡಿತು. ಸಂಸದ 2010ರಲ್ಲಿ ನಿವೃತ್ತರಾದರು; ಅವರ ಎದುರು ಟಿಕೆಟ್‌ಗೆ ನಿಂತಿದ್ದ ಯುವಕನೇ ಆ ಸ್ಥಾನಕ್ಕೆ ಬಂದರು. ಅಷ್ಟರಲ್ಲಿ ದೋಣಿಗಳು ಮತ್ತೆ ಹೆಚ್ಚಿದ್ದವು, ಸಮುದ್ರದಲ್ಲಿ ಸಾವುಗಳೂ ಹೆಚ್ಚಿದ್ದವು. 2012ರಲ್ಲಿ ಅದೇ ಲೇಬರ್ ಸರ್ಕಾರ ನೌರು ಮತ್ತು ಮಾನುಸ್ ಕೇಂದ್ರಗಳನ್ನು ಮತ್ತೆ ತೆರೆಯಿತು. 2013ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಇಡೀ ಮುಖ್ಯ ನೆಲವನ್ನೇ ದೋಣಿಯಲ್ಲಿ ಬಂದವರ ಮಟ್ಟಿಗೆ ವಲಸೆ ಕಾನೂನಿನಿಂದ ಹೊರಗಿಟ್ಟಿತು. 2006ರಲ್ಲಿ ಹೋವರ್ಡ್‌ಗೆ ಆಗದ್ದನ್ನು, ಅಂದು ಅದನ್ನು ವಿರೋಧಿಸಿ ಮತ ಹಾಕಿದ್ದ ಪಕ್ಷ ಮಾಡಿ ಮುಗಿಸಿತು. ಅದೇ ವರ್ಷದ ಜುಲೈ ಹೊತ್ತಿಗೆ ವಿವಿಧ ಬಗೆಯ ವಲಸೆ ಬಂಧನದಲ್ಲಿದ್ದ ಮಕ್ಕಳ ಸಂಖ್ಯೆ ಎರಡು ಸಾವಿರದ ಹತ್ತಿರ ಬಂದಿತ್ತು.

ಈ ಪ್ರಕರಣದಿಂದ ತಿಳಿಯುವುದು

ಮೇಲಿನ ಕೊನೆಯ ಸಂಖ್ಯೆಯಿಂದಲೇ ಶುರುಮಾಡಬೇಕು. ಮಗುವಿನ ಬಂಧನ ಕಟ್ಟಕಡೆಯ ಉಪಾಯವಾಗಿರಬೇಕು ಎಂದು 2005ರಲ್ಲಿ ಸೇರಿಸಿದ ಕಲಂ 2013ರಲ್ಲೂ ಕಾನೂನು ಪುಸ್ತಕದಲ್ಲಿತ್ತು. ಅದನ್ನು ಯಾರೂ ತೆಗೆದಿರಲಿಲ್ಲ, ತೆಗೆಯುವ ಅಗತ್ಯವೇ ಬರಲಿಲ್ಲ. ಅದು ತತ್ವವೊಂದನ್ನು ಸಾರುವ ಕಲಂ. ಮಗುವಿನ ಪರವಾಗಿ ಕೋರ್ಟಿಗೆ ಹೋಗಿ ಬಾಗಿಲು ತೆರೆಸುವ ಹಕ್ಕನ್ನು ಅದು ಯಾರಿಗೂ ಕೊಟ್ಟಿರಲಿಲ್ಲ. ಸಚಿವರ ವಿಶೇಷ ಅಧಿಕಾರವೂ ಹಾಗೆಯೇ. ಬಳಸುವ ಮನಸ್ಸಿನ ಸಚಿವರಿದ್ದಾಗ ಜನ ಹೊರಬಂದರು, ಇಲ್ಲದಿದ್ದಾಗ ಒಳಗೇ ಉಳಿದರು. ಸಂಸದರ ಮೂಲ ಕರಡಿನಲ್ಲಿದ್ದ ನ್ಯಾಯಾಧೀಶರ ಪರಾಮರ್ಶೆ ಉಳಿದಿದ್ದರೆ ಸರ್ಕಾರ ಬದಲಾದಾಗಲೂ ಅದು ಕೆಲಸ ಮಾಡುತ್ತಿತ್ತು, ಕನಿಷ್ಠ ಪಕ್ಷ ಅದನ್ನು ಬಹಿರಂಗವಾಗಿ ರದ್ದು ಮಾಡಬೇಕಾಗುತ್ತಿತ್ತು. ಚೌಕಾಸಿಯಲ್ಲಿ ಸರ್ಕಾರ ಯಾವುದನ್ನು ಕೊನೆಯವರೆಗೂ ಬಿಟ್ಟುಕೊಡುವುದಿಲ್ಲವೋ ನಿಜವಾದ ಅಧಿಕಾರ ಅದರಲ್ಲೇ ಇರುತ್ತದೆ. ಇಂದಿನ ಬಿಡುಗಡೆಗಾಗಿ ಅದನ್ನು ಬಿಟ್ಟುಕೊಡುವುದು ಸರಿಯಿರಬಹುದು, ಇಲ್ಲಿ ಸರಿಯಾಗಿಯೇ ಇತ್ತು; ಆದರೆ ಬಿಟ್ಟದ್ದನ್ನು ಮತ್ತೆ ಕೇಳುವ ದಿನವನ್ನು ಅಂದೇ ಗೊತ್ತುಮಾಡಿಕೊಳ್ಳಬೇಕಿತ್ತು. 2008ರಲ್ಲಿ ವಾತಾವರಣ ತಿಳಿಯಾಗಿದ್ದಾಗ, ಸರ್ಕಾರವೂ ಅನುಕೂಲವಾಗಿದ್ದಾಗ, ಆ ಕೆಲಸ ಆಗಲಿಲ್ಲ. ಅದು ಒಬ್ಬ ಸಂಸದರ ಕೈಯಲ್ಲಿ ಆಗುವ ಕೆಲಸವೂ ಆಗಿರಲಿಲ್ಲ.

ಒಳಗಿದ್ದು ಹೋರಾಡುವುದರ ಬಗ್ಗೆ ಒಂದು ಮಾತು. ಪಕ್ಷ ಬಿಟ್ಟು ಹೊರಬಂದಿದ್ದರೆ ಅವರಿಗೆ ಒಂದು ದಿನದ ಚಪ್ಪಾಳೆ ಸಿಗುತ್ತಿತ್ತು, ಪ್ರಧಾನಿಯ ಎದುರು ಕುರ್ಚಿ ಸಿಗುತ್ತಿರಲಿಲ್ಲ. ಆದರೆ ಒಳಗಿರುವುದೇ ಗುರಿಯಾದಾಗ ಮನುಷ್ಯ ಮೆಲ್ಲಗೆ ಬಾಯಿ ಮುಚ್ಚಿಕೊಳ್ಳುತ್ತಾನೆ, ಎಲ್ಲ ದೇಶಗಳ ಎಲ್ಲ ಪಕ್ಷಗಳಲ್ಲೂ ಇದು ನಡೆದಿದೆ. ಸಂಸದ ಹಾಗಾಗದೆ ಉಳಿದದ್ದಕ್ಕೆ ಅವರ ಗಟ್ಟಿತನದ ಜೊತೆಗೆ ಕಣ್ಣಿಗೆ ಕಾಣುವ ಕಾರಣಗಳೂ ಇದ್ದವು: ಅಡ್ಡಮತವನ್ನು ತಾಳಿಕೊಳ್ಳುವ ಪಕ್ಷದ ನಿಯಮ, ಟಿಕೆಟ್ ತೀರ್ಮಾನಿಸುವ ಸ್ಥಳೀಯ ಕಾರ್ಯಕರ್ತರು, ಜೊತೆಗೆ ನಡೆಯಲು ಇನ್ನಿಬ್ಬರು, ಸೆನೆಟ್‌ನಲ್ಲಿ ಒಬ್ಬಾಕೆ. ಧೈರ್ಯವನ್ನು ಹೊಗಳುವವರು ಇವುಗಳನ್ನೂ ಎಣಿಸಬೇಕು. ಇವು ಇಲ್ಲದ ಕಡೆ ಅದೇ ಧೈರ್ಯ ಒಂದು ರಾಜೀನಾಮೆ ಪತ್ರದಲ್ಲಿ ಮುಗಿದುಹೋಗುತ್ತದೆ.

ಸಂಸದ ನಿವೃತ್ತರಾಗುವ ಮುಂಚೆ ನಡೆದ ಇನ್ನೊಂದು ಸಣ್ಣ ಘಟನೆಯನ್ನು ಈ ಪ್ರಕರಣದ ಭಾಗವೆಂದೇ ನೋಡಬೇಕು, ಏಕೆಂದರೆ ಗುಂಪು ಕಲಿತದ್ದು ಅದರಲ್ಲಿ ಕಾಣುತ್ತದೆ. ಬಂಧನದಲ್ಲಿದ್ದವರಿಂದ ಅವರ ಬಂಧನದ ಖರ್ಚನ್ನೇ ವಸೂಲಿ ಮಾಡುವ ನಿಯಮ 1992ರಿಂದ ಇತ್ತು. ವರ್ಷಗಳ ನಂತರ ಹೊರಬಂದವರ ಕೈಗೆ ಊಟ, ವಸತಿ, ಕಾವಲಿನ ದಿನಲೆಕ್ಕದ ಬಿಲ್ಲು ಬರುತ್ತಿತ್ತು. 2009ರಲ್ಲಿ ಲೇಬರ್ ಸರ್ಕಾರ ಇದನ್ನು ತೆಗೆಯುವ ಮಸೂದೆ ತಂದಾಗ ಲಿಬರಲ್ ಪಕ್ಷ ವಿರೋಧಿಸುವ ತೀರ್ಮಾನ ಮಾಡಿತು. ಸಂಸದ ಮತ್ತು ಅವರ ಜೊತೆಗಾರರು ಸ್ವಪಕ್ಷದ ನಿಲುವಿಗೆ ವಿರುದ್ಧವಾಗಿ ಮಸೂದೆಯ ಪರ ನಿಂತರು. ಸೆನೆಟ್‌ನಲ್ಲಿ ಅದೇ ಮಹಿಳೆ ಎದ್ದು ಎದುರು ಸಾಲಿಗೆ ಹೋಗಿ ಕೂತರು. ಈ ಮಸೂದೆಯಲ್ಲಿ ಸಚಿವರ ಇಚ್ಛೆಗೆ ಬಿಟ್ಟದ್ದು ಏನೂ ಇರಲಿಲ್ಲ. ಆಶ್ರಯ ಕೋರಿ ಬಂದವರ ಮೇಲೆ ಹೊಸ ಸಾಲ ಹೊರಿಸುವಂತಿಲ್ಲ, ಹಳೆಯ ಬಾಕಿ ಮನ್ನಾ. ಮಸೂದೆ ಪಾಸಾಯಿತು, ಆ ಬಿಲ್ಲುಗಳು ನಿಂತವು.